ಕಿವಿಯ ಸಾಕ್ಷಿ

ದನದ ಸಂತೆಗೆ ಹೋದವರು ಒಂದು ವಿಚಿತ್ರವನ್ನು ಕಂಡಿರಬೇಕು. ಎತ್ತನ್ನು ಬಯಲಿನಲ್ಲಿ ನಿಲ್ಲಿಸಿರುತ್ತಾರೆ. ಯಾರು ಬೇಕಾದರೂ ಬಂದು ಅದರ ಹಲ್ಲು ನೋಡಬಹುದು, ಬೆನ್ನು ಸವರಬಹುದು, ನಾಲ್ಕು ಹೆಜ್ಜೆ ನಡೆಸಿ ನೋಡಬಹುದು. ಬೆಲೆಯನ್ನು ಮಾತ್ರ ಯಾರಿಗೂ ಕಾಣಗೊಡುವುದಿಲ್ಲ. ದಲಾಲಿಯೂ ಗಿರಾಕಿಯೂ ಕೈಮೇಲೆ ಒಂದು ವಲ್ಲಿ ಹೊದಿಸಿಕೊಂಡು, ಅದರ ಮರೆಯಲ್ಲಿ ಬೆರಳು ಹಿಡಿದು ವ್ಯವಹಾರ ಮುಗಿಸುತ್ತಾರೆ. ಚಿಕ್ಕಂದಿನಲ್ಲಿ ನನಗೆ ಇದು ಕಳ್ಳರ ಕೆಲಸದಂತೆ ತೋರುತ್ತಿತ್ತು. ಎಪ್ಪತ್ತು ದಾಟಿದ ಮೇಲೆ ಅದರಲ್ಲಿ ಒಂದು ವಿವೇಕವೂ ಇದ್ದೀತೆನಿಸುತ್ತದೆ. ಬೆಲೆ ಒಮ್ಮೆ ಕಿವಿಗೆ ಬಿದ್ದಿತೆಂದರೆ, ಆಮೇಲೆ ಎತ್ತನ್ನು ನೋಡುವ ಕಣ್ಣು ಮೊದಲಿನ ಕಣ್ಣಾಗಿ ಉಳಿಯುವುದಿಲ್ಲ.

ಈ ಮಾತು ನನಗೆ ಹೊಳೆದದ್ದು ಎತ್ತಿನಿಂದಲ್ಲ. ಪಂಚಾಂಗದಷ್ಟು ಅಗಲದ ಒಂದು ಕರಿಯ ಪೆಟ್ಟಿಗೆಯಿಂದ.

ನಾನು ಇರುವುದು ತುಳಸಿಗೇರಿಯಲ್ಲಿ. ಬಾಗಲಕೋಟೆಯ ಕಡೆಯವರಿಗೆ ನಮ್ಮ ಊರು ಹನುಮಪ್ಪನಿಂದ ಗೊತ್ತು. ಶನಿವಾರ ಬಂದಿತೆಂದರೆ ಊರಿನ ತುಂಬ ತೆಂಗಿನಕಾಯಿ ಒಡೆಯುವ ಸದ್ದು. ಕಾರ್ತಿಕದಲ್ಲಂತೂ ಕೇಳುವುದೇ ಬೇಡ. ಸಾಲಿ ಮಾಸ್ತರನಾಗಿ ನಿವೃತ್ತನಾದ ಮೇಲೆ ನನಗೆ ಉಳಿದಿರುವ ಚಟ ಒಂದೇ: ಹಿಂದುಸ್ತಾನಿ ಸಂಗೀತ ಕೇಳುವುದು. ಮನೆಯಲ್ಲಿ ನನ್ನ ಅಕ್ಕನೂ ಇದ್ದಾಳೆ. ಆಕೆಯ ಮನೆ ಹಳೆಯ ಬಾಗಲಕೋಟೆಯಲ್ಲಿ ಇದ್ದಿತು. ಆಲಮಟ್ಟಿಯ ಹಿನ್ನೀರಿನ ಲೆಕ್ಕದಲ್ಲಿ ಮುಳುಗಡೆಗೆ ಹೋಯಿತು. ಭಾವ ತೀರಿಕೊಂಡ ಮೇಲೆ ನನ್ನಲ್ಲಿಗೆ ಬಂದಳು. ಆಕೆಗೆ ಕಿವಿ ಮಂದ.

ಆಕೆಯ ಮಗ, ನನ್ನ ಅಳಿಯ, ಬೆಂಗಳೂರಿನಲ್ಲಿ ಕೆಲಸದಲ್ಲಿದ್ದಾನೆ. ನನ್ನ ಸಂಗೀತದ ಹುಚ್ಚು ಅವನಿಗೂ ಹತ್ತಿದೆ. ಆದರೆ ಅವನದು ಯಂತ್ರಗಳ ದಾರಿಯಿಂದ ಬಂದ ಹುಚ್ಚು. ಕಳೆದ ಕಾರ್ತಿಕಕ್ಕೆ ಊರಿಗೆ ಬಂದವನು ಆ ಕರಿಯ ಪೆಟ್ಟಿಗೆಯನ್ನು ಮಗುವನ್ನು ಎತ್ತಿ ತಂದಂತೆ ತಂದು ನನ್ನ ಮೇಜಿನ ಮೇಲೆ ಇಟ್ಟ.

“ಮಾಮಾ, ಇದು ಹೆಡ್‌ಫೋನಿನ ಆಂಪ್ಲಿಫಾಯರ್ರಿ. ಬೆಲಿ ಎಷ್ಟ ಅಂತ ಕೇಳಬ್ಯಾಡ್ರಿ,” ಎಂದ. ನಾನು ಕೇಳಲಿಲ್ಲ. ಅವನೇ ಹೇಳಿದ: “ಒಂದ ಲಕ್ಷ ನಲವತ್ತ ಸಾವಿರ.”

ನನ್ನ ಕಿವಿಗೆ ಹೆಡ್‌ಫೋನು ಹಾಕಿ ಮಲ್ಲಿಕಾರ್ಜುನ ಮನಸೂರರ ಒಂದು ಖಯಾಲನ್ನು ಹಚ್ಚಿದ. ಮನಸೂರರು (1910–1992) ಹಾಡಿದ ಮೇಲೆ ಹೇಳುವುದೇನಿದೆ? ಕಣ್ಣು ಮುಚ್ಚಿ ಕೇಳಿದೆ. ಐದು ನಿಮಿಷದ ಮೇಲೆ ಹೆಡ್‌ಫೋನನ್ನು ಆ ಪೆಟ್ಟಿಗೆಯಿಂದ ಬಿಡಿಸಿ, ಮೊಬೈಲಿಗೆ ಸಿಕ್ಕಿಸುವ ಒಂದು ಗೇಣಿಗಿಂತ ಚಿಕ್ಕದಾದ ತಂತಿಗೆ ಜೋಡಿಸಿದ. ಅದರ ಬೆಲೆ ಸಾವಿರ ರೂಪಾಯಿಯ ಆಸುಪಾಸು. ಅದೇ ಖಯಾಲು, ಅದೇ ಕಂಠ.

“ಈಗ ಹೇಳ್ರಿ ಮಾಮಾ. ಫರಕ ಐತೋ ಇಲ್ಲೋ?”

ನಿಜ ಹೇಳಬೇಕೆಂದರೆ ನನಗೆ ಯಾವ ಫರಕೂ ಕೇಳಿಸಲಿಲ್ಲ. ಆದರೂ ನನ್ನ ಬಾಯಿಂದ ಬಂದ ಮಾತು ಬೇರೆ. “ಐತಪ್ಪಾ. ಆ ಪೆಟಗಿಯೊಳಗ ದನಿ ತುಂಬಿ ಬರತೈತಿ,” ಎಂದೆ.

ಅವನ ಮುಖ ಅರಳಿತು. “ನೀವು ಅಂದ್ರ ಮುಗೀತು. ಹತ್ತ ದಿನದಾಗ ತಿರುಗಿ ಕಳಸಾಕ ಅವಕಾಶ ಐತಿ, ಕಳಸ್ಲೋ ಬ್ಯಾಡೋ ಅಂತ ತೂಗತಿದ್ದೆ. ಇನ್ನ ಕಳಸೂದಿಲ್ಲ,” ಎಂದ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಸುಳ್ಳನ್ನೇಕೆ ಹೇಳಿದೆ? ಒಳಗೆ ಕೆದಕಿ ನೋಡಿದರೆ ಮೂರು ಕಾರಣಗಳು ಸಿಕ್ಕವು. ಒಂದು, ಹುಡುಗನ ಉತ್ಸಾಹಕ್ಕೆ ತಣ್ಣೀರೆರಚಬಾರದೆಂಬ ಪ್ರೀತಿ. ಎರಡು, ವಯಸ್ಸಾದ ಕಿವಿಗೆ ಕೇಳಿಸದೆ ಹೋಯಿತೆಂದು ಒಪ್ಪಿಕೊಳ್ಳುವ ನಾಚಿಕೆ. ಐವತ್ತು ವರ್ಷ ಸಂಗೀತ ಕೇಳಿದವನೆಂಬ ಹೆಸರು ಬೇರೆ ಇದೆಯಲ್ಲ. ದೇವತಾವಸ್ತ್ರದ ಕತೆಯಲ್ಲಿ ಮಂತ್ರಿಗೆ ಬಂದ ಸಂಕಟವೇ ನನಗೂ ಬಂದಿತ್ತು. ಮೂರನೆಯದು, ಇದು ಎಲ್ಲಕ್ಕೂ ಕೆಟ್ಟದ್ದು, ಆ ಬೆಲೆ. ಒಂದು ಲಕ್ಷ ನಲವತ್ತು ಸಾವಿರ ಎಂದು ಕೇಳಿದ ಮೇಲೆ ‘ಏನೂ ಇಲ್ಲ’ ಎನ್ನುವುದಕ್ಕೆ ನಾಲಗೆ ಏಳಲಿಲ್ಲ. ಅಷ್ಟು ಹಣದ ಎದುರಿಗೆ ನನ್ನ ಕಿವಿ ಕೈಕಟ್ಟಿ ನಿಂತುಬಿಟ್ಟಿತು.

ಮರುದಿನ ಅಳಿಯನನ್ನು ಕೂರಿಸಿಕೊಂಡು, ಈ ಯಂತ್ರ ಮಾಡುವುದಾದರೂ ಏನು ಎಂದು ವಿಚಾರಿಸಿದೆ. ಅವನು ಚೆನ್ನಾಗಿಯೇ ಹೇಳಿದ. ಹಾಡು ಮೊಬೈಲಿನಿಂದ ಬರುವಾಗ ಕ್ಷೀಣವಾದ ವಿದ್ಯುತ್ತಾಗಿ ಬರುತ್ತದೆ. ಹೆಡ್‌ಫೋನಿನ ಒಳಗಿನ ತೆಳುಪೊರೆಯನ್ನು ಅಲುಗಿಸುವಷ್ಟು ಬಲವನ್ನು ಅದಕ್ಕೆ ಕೊಡುವುದೇ ಆಂಪ್ಲಿಫಾಯರಿನ ಕೆಲಸ. ಒಳ್ಳೆಯ ಆಂಪ್ಲಿಫಾಯರ್ ತನ್ನದೇನನ್ನೂ ಸೇರಿಸಕೂಡದು. ಬಂದದ್ದನ್ನು ಇದ್ದಂತೆಯೇ ದೊಡ್ಡದು ಮಾಡಿ ಕೊಡಬೇಕು. ಒಳ್ಳೆಯ ದುಭಾಷಿಯಂತೆ, ತಾನು ನಡುವೆ ಇರುವುದೇ ತಿಳಿಯಬಾರದು.

ಹಾಗಾದರೆ ಎಷ್ಟು ಬಲ ಬೇಕು? ಇದರ ಲೆಕ್ಕ ಕೇಳಿ ನಾನು ಬೆರಗಾದೆ. ಸಾಧಾರಣವಾದ ಹೆಡ್‌ಫೋನಿಗೆ ಒಂದು ಮಿಲಿವಾಟ್ ಕೊಟ್ಟರೆ ಸುಮಾರು 100 ಡೆಸಿಬೆಲ್ ಸದ್ದು ಬರುತ್ತದೆ. ಅಷ್ಟು ಸದ್ದನ್ನು ದಿನವೂ ಬಹಳ ಹೊತ್ತು ಕೇಳಿದವನ ಕಿವಿ ಕೆಡುವುದು ಖಂಡಿತ. ಮನೆಯಲ್ಲಿ ಕುಳಿತು ಸಮಾಧಾನದಿಂದ ಕೇಳುವುದಕ್ಕೆ 70 ಡೆಸಿಬೆಲ್ ಸಾಕು. ಡೆಸಿಬೆಲ್ಲಿನ ಗಣಿತ ಹೇಗಿದೆಯೆಂದರೆ ಹತ್ತು ಇಳಿದಾಗ ಬೇಕಾದ ಶಕ್ತಿ ಹತ್ತರಲ್ಲಿ ಒಂದು ಪಾಲಿಗೆ ಇಳಿಯುತ್ತದೆ. ಮೂವತ್ತು ಇಳಿದರೆ ಸಾವಿರದಲ್ಲಿ ಒಂದು ಪಾಲಿಗೆ. ಅಂದರೆ ನನಗೆ ಮನಸೂರರನ್ನು ಕೇಳಿಸುವುದಕ್ಕೆ ಬೇಕಾದದ್ದು ಒಂದು ವಾಟಿನ ಹತ್ತು ಲಕ್ಷದಲ್ಲಿ ಒಂದು ಪಾಲು! ನಮ್ಮ ಅಡಿಗೆಮನೆಯ 10 ವಾಟಿನ ಬಲ್ಬು ನುಂಗುವ ವಿದ್ಯುತ್ತಿನಲ್ಲಿ ಲೆಕ್ಕಕ್ಕೆ ಒಂದು ಕೋಟಿ ಹೆಡ್‌ಫೋನುಗಳು ಹಾಡಬಹುದು. ತಾರಸ್ಥಾಯಿಗೆ ಒಮ್ಮೆಲೆ ಏರುವ ತಾನಿಗಾಗಿ ಇದರ ನೂರು ಪಟ್ಟು ಕೈಯಲ್ಲಿಟ್ಟುಕೊಂಡರೂ ಒಂದು ಮಿಲಿವಾಟಿನ ಹತ್ತನೆಯ ಪಾಲಷ್ಟೇ ಆಯಿತು.

ಹಾಗೆಂದು ಆಂಪ್ಲಿಫಾಯರೇ ಬೇಡವೆಂದಲ್ಲ. ಕೆಲವು ಹೆಡ್‌ಫೋನುಗಳು ಮಂಡ. 300 ಓಮ್, 600 ಓಮ್ ತಡೆಯುಳ್ಳವು ಮೊಬೈಲಿನ ಅಲ್ಪ ವೋಲ್ಟೇಜಿಗೆ ಬಗ್ಗುವುದಿಲ್ಲ. ಕೆಟ್ಟ ಆಂಪ್ಲಿಫಾಯರಿನಲ್ಲಿ ಹಾಡಿನ ಹಿಂದೆ ಸುಯ್ಯೆನ್ನುವ ಸದ್ದು ಇರುತ್ತದೆ. ಯಂತ್ರದ ಒಳತಡೆ ಹೆಡ್‌ಫೋನಿನ ತಡೆಯ ಎಂಟನೆಯ ಒಂದು ಪಾಲನ್ನು ಮೀರಬಾರದೆಂದು ಬಲ್ಲವರು ಒಂದು ಕಟ್ಟು ಹಾಕಿಕೊಂಡಿದ್ದಾರೆ. ಮೀರಿದರೆ ಧ್ವನಿಯ ಬಣ್ಣ ಬದಲಾಗಬಹುದು. ಇವೆಲ್ಲ ಕಿವಿಗೆ ಕೇಳುವ, ಮಾಪಕಕ್ಕೆ ಸಿಕ್ಕುವ ಗುಣದೋಷಗಳು. ಇವುಗಳಿಗೆ ಹಣ ಕೊಡುವುದು ನ್ಯಾಯವೇ. ಆದರೆ ಈ ದೋಷಗಳೆಲ್ಲ ಕಳೆದ ಮೇಲೆ, ಸಾವಿರದ ತಂತಿಯೂ ಲಕ್ಷದ ಪೆಟ್ಟಿಗೆಯೂ ಬಂದದ್ದನ್ನು ಇದ್ದಂತೆ ಒಪ್ಪಿಸುತ್ತವೆ ಎಂದಾದ ಮೇಲೆ, ನಡುವಿನ ಹಣ ಯಾವುದಕ್ಕೆ?

ಇಂಥ ಪ್ರಶ್ನೆ ನಮ್ಮ ಸೀಮೆಗೆ ಹೊಸದೇನಲ್ಲ. ಇಳಕಲ್ಲಿನ ಸೀರೆಯನ್ನೇ ನೋಡಿ. ಮಗ್ಗದಲ್ಲಿ ನೇಯ್ದ ಸೀರೆಗೆ ಒಂದು ಬೆಲೆ, ಅದರಂತೆಯೇ ಕಾಣುವ ಪಾವರ್‌ಲೂಮಿನ ಸೀರೆಗೆ ಅದರ ಸಣ್ಣ ಪಾಲು. ಹೊರಗಿನವನಿಗೆ ಎರಡೂ ಒಂದೇ. ಆದರೆ ನೇಕಾರನ ಮುಂದೆ ಹಿಡಿದರೆ ಅವನು ಮೈಯೂ ಸೆರಗೂ ಕೂಡುವ ಜಾಗವನ್ನು ಬೆರಳಿನಿಂದ ಸವರಿ ತೋರಿಸುತ್ತಾನೆ. ಮೈಯ ಹಾಸಿನ ಎಳೆಗಳೇ ಬೇರೆ, ಸೆರಗಿನ ರೇಶ್ಮೆಯ ಎಳೆಗಳೇ ಬೇರೆ; ಒಂದೊಂದು ಎಳೆಯನ್ನೂ ಕುಣಿಕೆಯಲ್ಲಿ ಕುಣಿಕೆಯಾಗಿ ಸಿಕ್ಕಿಸಿ ಕೂಡಿಸಿರುತ್ತಾರೆ. ಇದಕ್ಕೆ ಕೊಂಡಿ ಎನ್ನುತ್ತಾರೆ. ಆ ಸೀರೆಯ ಹೆಚ್ಚಿನ ಬೆಲೆಗೆ ಇಂಥಲ್ಲಿ ಕಾರಣವಿದೆ ಎಂದು ಬೆರಳಿಟ್ಟು ತೋರಿಸಬಹುದು. ತೋರಿಸಲಾಗದ ಕಾರಣವೂ ಒಂದಿದೆ: ಆ ಹಣದಲ್ಲಿ ಒಂದು ಪಾಲು ಮಗ್ಗದ ಕುಣಿಯಲ್ಲಿ ಕಾಲಿಳಿಬಿಟ್ಟು ಕುಳಿತವನ ಮನೆಗೆ ಹೋಗುತ್ತದೆ. ಉಟ್ಟವಳಿಗೆ ಅದು ಕಾಣಿಸದೆ ಇರಬಹುದು. ಹಣ ಕೊಟ್ಟವಳಿಗೆ ಗೊತ್ತಿದ್ದರೆ ಸಾಕು.

ಆ ಪೆಟ್ಟಿಗೆಯ ಬೆಲೆಯನ್ನೂ ನಾವು ಹೀಗೆಯೇ ಬಿಡಿಸಿ ನೋಡಿದೆವು. ಅಲ್ಯುಮಿನಿಯಮ್ಮಿನ ದಪ್ಪ ಗಟ್ಟಿಯನ್ನು ಕೊರೆದು ಮಾಡಿದ ಕವಚ. ಬೆಣ್ಣೆಯಲ್ಲಿ ತಿರುಗಿದಂತೆ ತಿರುಗುವ ಗುಬ್ಬಿ. ಒಳಗೆ ಭಾರವಾದ ಟ್ರಾನ್ಸ್‌ಫಾರ್ಮರ್. ಕೆಲವೇ ನೂರು ಮಾಡುವ ಕಾರ್ಖಾನೆಗೆ ಒಂದೊಂದರ ಮೇಲೆ ಬೀಳುವ ಹೆಚ್ಚಿನ ಖರ್ಚು. ಹಡಗು, ಸುಂಕ, ತೆರಿಗೆ, ಅಂಗಡಿಯವನ ಲಾಭ, ಜಾಹೀರಾತು. ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಆದರೆ ಇವುಗಳಲ್ಲಿ ಯಾವುದೂ ಮನಸೂರರ ಕಂಠವೂ ಅಲ್ಲ.

ಈ ದಾರಿಯ ಕೊನೆ ಎಲ್ಲಿದೆಯೆಂದು ಅಳಿಯ ಹೇಳಿದ. ಜರ್ಮನಿಯ ಸೆನ್‌ಹೈಸರ್ ಕಂಪನಿ 1991ರಲ್ಲಿ ‘ಆರ್ಫಿಯಸ್’ ಎಂಬ ಹೆಡ್‌ಫೋನನ್ನೂ ಅದರ ಆಂಪ್ಲಿಫಾಯರನ್ನೂ ಸೇರಿಸಿ ಕೇವಲ ಮುನ್ನೂರು ಜೊತೆ ಮಾಡಿತಂತೆ. 2015ರಲ್ಲಿ ಅದರ ಮುಂದಿನ ಪೀಳಿಗೆಯನ್ನು ಸಾರಿತು. ಬೆಲೆ ಐವತ್ತು ಸಾವಿರ ಯೂರೋಗಳ ಸುಮಾರಿನದು, ಆಂಪ್ಲಿಫಾಯರಿನ ಮೈ ಇಟಲಿಯ ಕರಾರಾ ಅಮೃತಶಿಲೆಯದು. ಅದಕ್ಕೆ ಎದುರಾಗಿ ಇನ್ನೊಂದು ಕತೆಯನ್ನೂ ಹೇಳಿದ. 2011ರಲ್ಲಿ ಒಬ್ಬ ಮನುಷ್ಯ ತನ್ನ ಹೆಸರನ್ನು ಮರೆಮಾಡಿಕೊಂಡು, ಎರಡು 9 ವೋಲ್ಟಿನ ಬ್ಯಾಟರಿಗಳಿಂದ ನಡೆಯುವ ಒಂದು ಹೆಡ್‌ಫೋನ್ ಆಂಪ್ಲಿಫಾಯರಿನ ನಕ್ಷೆಯನ್ನು ಅಳತೆಗಳ ಸಹಿತ ಜಗತ್ತಿಗೆ ಬಿಟ್ಟುಕೊಟ್ಟ. ‘ಒ2’ ಎಂದು ಅದರ ಹೆಸರು. ಯಾರು ಬೇಕಾದರೂ ಕಟ್ಟಿಕೊಳ್ಳಬಹುದು. ಬಿಡಿಭಾಗಗಳ ಖರ್ಚು ಅಲ್ಪ. ಎಷ್ಟೋ ಪಟ್ಟು ಬೆಲೆಯ ಯಂತ್ರಗಳೊಡನೆ ಅದನ್ನು ಅಳೆದು ತೂಗಿ, ಗುಣಕ್ಕೂ ಬೆಲೆಗೂ ನಂಟಿಲ್ಲವೆಂದು ಅವನು ವಾದಿಸಿದ. 2012ರಲ್ಲಿ ಒಮ್ಮೆಲೆ ಮೌನವಾದ. ಅವನು ಯಾರೆಂಬುದು ಇಂದಿಗೂ ಬಯಲಾಗಿಲ್ಲ. ಕೇಳಿ ನನಗೆ ನಮ್ಮ ಹಳೆಯ ಗುಡಿಗಳ ಶಿಲ್ಪಿಗಳು ನೆನಪಾದರು.

ಇಷ್ಟೆಲ್ಲ ಮಾತಾದ ಮೇಲೆ ನಾನು ಗಂಟಲು ಸರಿಮಾಡಿಕೊಂಡು ತಪ್ಪೊಪ್ಪಿಕೊಂಡೆ. “ತಮ್ಮಾ, ನಿನ್ನೆ ನಾ ಹೇಳಿದ್ದು ಖರೇ ಅಲ್ಲ. ನನಗ ಏನೂ ಫರಕ ಕೇಳಿಸ್ಲಿಲ್ಲ.”

ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. “ನಿಮಗ ಕೇಳಿಸ್ಲಿಕ್ಕಿಲ್ಲ ಮಾಮಾ, ವಯಸ್ಸಾತು. ನನಗ ಕೇಳಸ್ತೈತಿ,” ಎಂದ. ಮಾತಿನಲ್ಲಿ ತುಸು ನೋವಿತ್ತು. ಅವನು ಹೇಳಿದ್ದರಲ್ಲಿ ನ್ಯಾಯವೂ ಇತ್ತು. ಮುಪ್ಪಿನ ಕಿವಿಗೆ ಮೊದಲು ತಪ್ಪಿಹೋಗುವುದು ಎತ್ತರದ ಸೂಕ್ಷ್ಮ ನಾದಗಳೇ. ಆದುದರಿಂದ ನನ್ನ ‘ಇಲ್ಲ’ಕ್ಕೂ ನನ್ನ ‘ಹೌದು’ ಎಂಬುದಕ್ಕಿಂತ ಹೆಚ್ಚಿನ ಬೆಲೆಯಿರಲಿಲ್ಲ. ಕೊನೆಗೆ ಪರೀಕ್ಷೆ ಮಾಡುವುದೆಂದು ಇಬ್ಬರೂ ಒಪ್ಪಿದೆವು.

ಊರಿನ ಇಲೆಕ್ಟ್ರಿಕ್ ಕೆಲಸದವನಿಂದ ಮೀಟರು ತಂದು ಎರಡರ ಧ್ವನಿಯ ಎತ್ತರವನ್ನೂ ಸರಿಸಮ ಮಾಡಿದೆವು. ಇದು ಮುಖ್ಯ. ಎರಡರಲ್ಲಿ ಒಂದು ಕೂದಲೆಳೆಯಷ್ಟು ಜೋರಾಗಿದ್ದರೂ ಸಾಕು, ಕಿವಿ ಅದನ್ನು ‘ಜೋರು’ ಎನ್ನುವುದಿಲ್ಲ, ‘ಚೆಂದ’ ಎನ್ನುತ್ತದೆ. ಬಳಿಕ ಅಳಿಯನನ್ನು ಗೋಡೆಗೆ ಮುಖಮಾಡಿ ಕೂರಿಸಿ, ಯಂತ್ರಗಳ ಮೇಲೆ ನನ್ನ ವಲ್ಲಿಯನ್ನು ಹೊದಿಸಿದೆ. ಎಂಟನೆಯ ಇಯತ್ತೆಯಲ್ಲಿ ಓದುವ ನನ್ನ ಮೊಮ್ಮಗಳು ನಾಣ್ಯ ಚಿಮ್ಮಿ, ರಾಜನ ಕಡೆ ಬಿದ್ದಂತೆ ಪೆಟ್ಟಿಗೆಗೋ ತಂತಿಗೋ ಹೆಡ್‌ಫೋನು ಸಿಕ್ಕಿಸುವುದು. ಅಳಿಯ ಕೇಳಿ ಹೇಳುವುದು. ಆಕೆ ಪಟ್ಟಿಯಲ್ಲಿ ಬರೆದುಕೊಳ್ಳುವುದು. ಆಕೆ ತುಟಿ ಪಿಟ್ಟೆನ್ನಬಾರದೆಂದು ಕಟ್ಟಪ್ಪಣೆ. ಕೋಲೆ ಬಸವ ತಲೆಯಾಡಿಸುವುದು ಒಡೆಯನ ಸನ್ನೆಗೆ ತಾನೆ? 1900ರ ಸುಮಾರಿಗೆ ಬರ್ಲಿನ್ನಿನಲ್ಲಿ ಲೆಕ್ಕ ಮಾಡುವ ಕುದುರೆಯೊಂದು ಹೆಸರಾಗಿತ್ತು. ಅದು ಓದುತ್ತಿದ್ದದ್ದು ಕೇಳುವವರ ಮುಖವನ್ನೆಂದು 1907ರಲ್ಲಿ ಓಸ್ಕರ್ ಫುಂಗ್ಸ್ಟ್ ಎಂಬ ವಿದ್ವಾಂಸ ತೋರಿಸಿಕೊಟ್ಟ. ಮನುಷ್ಯನು ಕುದುರೆಗಿಂತ ಮುಖ ಓದುವುದರಲ್ಲಿ ಕಡಿಮೆಯವನಲ್ಲ.

ಇಪ್ಪತ್ತು ಸಲ ಆಯಿತು. ಕೇಳದೆಯೇ ಬಾಯಿಗೆ ಬಂದದ್ದನ್ನು ಹೇಳಿದರೂ ಹತ್ತು ಸರಿಯಾಗಬೇಕು. ಹದಿನೈದು ಅಥವಾ ಅದಕ್ಕೆ ಮೇಲೆ ಸರಿಯಾಗುವುದು ಬರಿಯ ಅದೃಷ್ಟದಿಂದ ನೂರಕ್ಕೆ ಎರಡು ಸಲ ಮಾತ್ರ. ಹಾಗಾದರೆ ಅವನ ಕಿವಿಯನ್ನು ನಂಬಬಹುದೆಂದು ಮೊದಲೇ ಮಾತಾಗಿತ್ತು. ಮೊಮ್ಮಗಳು ಎಣಿಸಿದಳು: ಹನ್ನೊಂದು.

ಅಳಿಯ ನಕ್ಕ. ಆ ನಗು ಒಳ್ಳೆಯವರಿಗೆ ಮಾತ್ರ ಬರುವಂಥದು. “ನಾ ಒಬ್ಬನ ಅಲ್ರಿ ಮಾಮಾ,” ಎಂದು ಒಂದು ಹಳೆಯ ಸಂಗತಿ ಹೇಳಿದ. 1987ರ ಜನವರಿಯಲ್ಲಿ ಅಮೆರಿಕದ ‘ಸ್ಟೀರಿಯೊ ರಿವ್ಯೂ’ ಎಂಬ ಪತ್ರಿಕೆ ಇಂಥದೇ ಪರೀಕ್ಷೆಯ ಫಲವನ್ನು ಪ್ರಕಟಿಸಿತ್ತಂತೆ. ಅದು ದೊಡ್ಡ ಸ್ಪೀಕರುಗಳ ಆಂಪ್ಲಿಫಾಯರುಗಳ ಪರೀಕ್ಷೆ. ಅಗ್ಗದಿಂದ ಹಿಡಿದು ಅತಿ ದುಬಾರಿಯವರೆಗೆ ಇದ್ದವು. ಫರಕು ಕೇಳುತ್ತದೆಂದು ಆಣೆಯಿಡುವವರೂ, ಇಲ್ಲವೆಂದು ವಾದಿಸುವವರೂ ಕುಳಿತು ಕೇಳಿದರು. ಹೆಸರು ಮರೆಮಾಡಿದಾಗ ಎರಡೂ ಪಕ್ಷದವರ ಉತ್ತರ ನಾಣ್ಯ ಚಿಮ್ಮಿದ ಹಾಗೆಯೇ ಬಂದಿತು.

ಇಲ್ಲಿಗೆ ಮುಗಿಯಿತೆಂದು ನಾನು ತಿಳಿದಿದ್ದೆ. ಆದರೆ ಅಳಿಯ ಒಂದು ಮಾತು ಕೇಳಿದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ. “ಮಾಮಾ, ಕಣ್ಣಿಗೆ ಕಾಣೂ ಹಂಗ ಇಟಗೊಂಡು ಕೇಳಿದಾಗ ನನಗ ಭಾಳ ಸುಖ ಆಕ್ಕೈತ್ರಿ. ಆ ಸುಖ ಸುಳ್ಳೇನು?”

ನಾನು ಎರಡು ದಿನ ಯೋಚಿಸಿದೆ. ಸುಳ್ಳೆನ್ನುವ ಹಾಗಿಲ್ಲ. 2008ರಲ್ಲಿ ಕ್ಯಾಲಿಫೋರ್ನಿಯದ ವಿದ್ವಾಂಸರು ಒಂದೇ ದ್ರಾಕ್ಷಾರಸಕ್ಕೆ ಒಮ್ಮೆ ಹತ್ತು ಡಾಲರೆಂದೂ ಒಮ್ಮೆ ತೊಂಬತ್ತು ಡಾಲರೆಂದೂ ಹೇಳಿ ಕುಡಿಸಿ, ಕುಡಿಯುವವರ ಮಿದುಳನ್ನು ಯಂತ್ರದಲ್ಲಿ ನೋಡಿದರು. ತೊಂಬತ್ತೆಂದಾಗ ಜನ ಹೆಚ್ಚು ರುಚಿಯೆಂದರು. ಅಷ್ಟೇ ಅಲ್ಲ, ಮಿದುಳಿನಲ್ಲಿ ಸುಖವನ್ನು ತೋರುವ ಭಾಗವೂ ಹೆಚ್ಚು ಮಿಡಿಯಿತು. ಅವರು ನಟಿಸುತ್ತಿರಲಿಲ್ಲ, ನಿಜವಾಗಿಯೂ ಹೆಚ್ಚು ಸುಖಪಟ್ಟರು. ದೇವರ ಗುಡಿಯಲ್ಲಿ ಕೊಟ್ಟ ಕೊಬ್ಬರಿಯ ಚೂರು ಮನೆಯ ಕೊಬ್ಬರಿಗಿಂತ ರುಚಿ ಎಂದು ನಮಗೆಲ್ಲ ಅನಿಸುವುದಿಲ್ಲವೆ? ಆ ರುಚಿ ಯಾರನ್ನೂ ಮೋಸಮಾಡುವುದಿಲ್ಲ.

ಹಾಗಾದರೆ ತಪ್ಪು ಎಲ್ಲಿದೆ? ಬಹಳ ಯೋಚಿಸಿದ ಮೇಲೆ ನನಗೆ ತೋರಿದ್ದು ಇಷ್ಟು. ಸುಖ ಬೇರೆ, ಸಾಕ್ಷಿ ಬೇರೆ. ‘ನನಗೆ ಇದರಿಂದ ಸುಖವಾಗುತ್ತದೆ’ ಎಂಬುದಕ್ಕೆ ಪರೀಕ್ಷೆ ಬೇಕಿಲ್ಲ. ಅದಕ್ಕೆ ಹೇಳುವವನೇ ಒಡೆಯ. ‘ಇದರ ಧ್ವನಿ ಅದಕ್ಕಿಂತ ಉತ್ತಮ’ ಎಂದ ಕೂಡಲೇ ಅವನು ಸಾಕ್ಷಿಕಟ್ಟೆ ಹತ್ತಿದಂತಾಯಿತು. ಆ ಮಾತನ್ನು ನಂಬಿ ಇನ್ನೊಬ್ಬ ತನ್ನ ಗಂಟು ಬಿಚ್ಚುತ್ತಾನೆ. ಅವನು ತಿಂಗಳ ಸಂಬಳದವನಿರಬಹುದು, ಉಳ್ಳಾಗಡ್ಡಿ ಮಾರಿದ ದುಡ್ಡಿನವನಿರಬಹುದು. ಸಾಕ್ಷಿ ನುಡಿಯುವವನಿಗೆ ಪ್ರೀತಿ, ನಾಚಿಕೆ, ಬೆಲೆಯ ಭಯ ಇವು ಯಾವುವೂ ನೆಪವಾಗಲಾರವು. ನಾನು ಆ ಮೊದಲ ರಾತ್ರಿ ಮಾಡಿದ ತಪ್ಪು ಇದೇ. ಕಿವಿ ಕೇಳದ್ದನ್ನು ನಾಲಗೆ ಆಡಿತು. ಅದರಿಂದ ಒಂದು ಲಕ್ಷ ನಲವತ್ತು ಸಾವಿರದ ತಕ್ಕಡಿ ವಾಲಿತು. ಹಾಗೆ ನೋಡಿದರೆ ಇಂಥ ಯಂತ್ರಗಳ ಬೆಲೆ ನಿಂತಿರುವುದೇ ನನ್ನಂಥ ಅನೇಕ ಸೌಜನ್ಯವಂತರ ‘ಹೌದು ಹೌದು’ ಎಂಬ ಮಾತಿನ ಮೇಲೆ.

ಬೆಲೆ ಕಟ್ಟುವುದೆಂದರೇನೆಂದು ನಮ್ಮ ಜಿಲ್ಲೆಯವರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಅಕ್ಕನ ಮನೆಯನ್ನು ಅಳೆಯಲು ಬಂದವರು ತೊಲೆ, ಜಂತಿ, ಬಾಗಿಲು, ಕಲ್ಲುಹಾಸು ಎಲ್ಲವನ್ನೂ ಬೇರೆ ಬೇರೆ ಬರೆದುಕೊಂಡರು. ತಮ್ಮ ಕೆಲಸವನ್ನು ಸರಿಯಾಗಿಯೇ ಮಾಡಿದರು. ಆ ಪಟ್ಟಿಯಲ್ಲಿ ಭಾವ ಸಂಜೆ ಕುಳಿತು ರೇಡಿಯೊ ಕೇಳುತ್ತಿದ್ದ ಕಟ್ಟೆಗೂ ಒಂದು ಮೊತ್ತವಿತ್ತು. ಅಲ್ಲಿ ಕುಳಿತು ಕೇಳಿದ ಸಂಜೆಗಳಿಗೆ ಇರಲಿಲ್ಲ. ಇರುವುದೂ ಸಾಧ್ಯವಿಲ್ಲ. ಆದರೆ ಅವರು ಒಂದು ಒಳ್ಳೆಯ ಪದ್ಧತಿಯನ್ನು ಪಾಲಿಸಿದ್ದರು: ಒಂದೊಂದಕ್ಕೂ ಅದರದರ ಹೆಸರಿನ ಮುಂದೆಯೇ ಬೆಲೆ ಬರೆದಿದ್ದರು. ತೊಲೆಯ ಹಣವನ್ನು ಬಾಗಿಲಿನ ಮುಂದೆ ಬರೆಯಲಿಲ್ಲ. ಆ ಪೆಟ್ಟಿಗೆಯನ್ನು ಕೊಳ್ಳುವವನೂ ಇಷ್ಟು ಮಾಡಿದರೆ ಸಾಕೆನ್ನುತ್ತೇನೆ. ಕವಚಕ್ಕೆ ಇಷ್ಟು, ಗುಬ್ಬಿ ತಿರುವುವ ಸುಖಕ್ಕೆ ಇಷ್ಟು, ನಾಲ್ಕು ಜನ ನೋಡಲೆಂಬುದಕ್ಕೆ ಇಷ್ಟು, ಧ್ವನಿಗೆ ಇಷ್ಟು. ಹೀಗೆ ಬರೆದುಕೊಂಡ ಮೇಲೂ ಕೈ ಕಿಸೆಗೆ ಹೋದರೆ, ಧಾರಾಳವಾಗಿ ಕೊಳ್ಳಲಿ.

ಅಳಿಯ ಆ ಪೆಟ್ಟಿಗೆಯನ್ನು ಇಟ್ಟುಕೊಂಡನೋ ತಿರುಗಿ ಕಳುಹಿಸಿದನೋ ಎಂದು ಓದುಗರು ಕೇಳಬಹುದು. ಅದು ಅವನ ಹಣ, ಅವನ ಸುಖ. ಅದನ್ನು ಇಲ್ಲಿ ಬರೆಯುವುದಕ್ಕೆ ನನಗೆ ಅವನ ಅಪ್ಪಣೆಯಿಲ್ಲ. ನನ್ನ ಸಾಕ್ಷಿಯನ್ನು ನಾನು ಹಿಂದಕ್ಕೆ ಪಡೆದೆ. ನನ್ನ ಪಾಲಿನ ಕೆಲಸ ಅಷ್ಟೇ.

ಆದರೆ ಅವನು ಹೊರಡುವ ಮುಂಚಿನ ಸಂಜೆ ನಡೆದದ್ದನ್ನು ಹೇಳಲೇಬೇಕು.

ಅಕ್ಕನಿಗೆ ಕಿವಿ ಮಂದವೆಂದೆನಲ್ಲ. ಹಿಂದೊಮ್ಮೆ ತಂದ ಕಿವಿಯ ಯಂತ್ರ ಸಿಳ್ಳೆ ಹಾಕುತ್ತದೆಂದು ಟ್ರಂಕಿನೊಳಗೆ ಸೇರಿದೆ. ಆ ದಿನ ನಾವಿಬ್ಬರೂ ಕುಳಿತಿದ್ದಲ್ಲಿಗೆ ಬಂದು, “ಏನದು, ನನ್ನ ಕಿವ್ಯಾಗೂ ಇಡ್ರಿ,” ಎಂದಳು. ಅಳಿಯ ಧ್ವನಿಯನ್ನು ಮೆಲ್ಲಮೆಲ್ಲನೆ ಏರಿಸಿದ. ಬೀಳಗಿಯ ಅಮೀರಬಾಯಿ ಕರ್ನಾಟಕಿಯ ಒಂದು ಹಳೆಯ ಹಾಡು. ಮೂರು ನಿಮಿಷದ ತಟ್ಟೆಯಿಂದ ಎತ್ತಿಕೊಂಡದ್ದು, ಹಿಂದೆಲ್ಲ ಕರಕರ ಸದ್ದು. ಅಮೀರಬಾಯಿ ತೀರಿಕೊಂಡದ್ದು 1965ರಲ್ಲಿ. ಅಕ್ಕ ಆಗ ಹೊಸ ಮದುವಣಗಿತ್ತಿ. ಆಕೆ ಮಾತಾಡಲಿಲ್ಲ. ಸ್ವಲ್ಪ ಹೊತ್ತಿನ ಮೇಲೆ ಮಂಡಿಯ ಮೇಲೆ ಬೆರಳು ತಾಳ ಹಾಕತೊಡಗಿತು.

ಇದನ್ನು ನೋಡಿ ನನಗೆ, ‘ಈ ಪೆಟ್ಟಿಗೆ ಇರಲಿ, ಅಕ್ಕನಿಗೋಸ್ಕರವಾದರೂ ಇರಲಿ’ ಎಂದುಬಿಡುವ ಮನಸ್ಸಾಯಿತು. ಇನ್ನೊಂದು ಸುಳ್ಳುಸಾಕ್ಷಿಗೆ ನಾಲಗೆ ಆಗಲೇ ಸಿದ್ಧವಾಗಿತ್ತು. ಅಳಿಯನೇ ನನಗಿಂತ ಮೊದಲು ಎಚ್ಚತ್ತ. ಆಕೆಗೆ ಏನೂ ಹೇಳದೆ ಹೆಡ್‌ಫೋನನ್ನು ಬಿಡಿಸಿ ಸಾವಿರದ ತಂತಿಗೆ ಜೋಡಿಸಿ, ಅಷ್ಟೇ ಎತ್ತರಕ್ಕೆ ಮತ್ತೆ ಹಾಡು ಹಚ್ಚಿದ. “ಯವ್ವಾ, ಯಾವದು ಚಲೋ ಐತಿ?” ಎಂದು ಕೈಸನ್ನೆಯಿಂದ ಕೇಳಿದ. “ಎರಡೂ ಅಕೀನ ಹಾಡ್ಯಾಳಲ್ಲೋ,” ಎಂದಳು ಅಕ್ಕ.

ಬೆಲೆ ಗೊತ್ತಿಲ್ಲದ ಕಿವಿಯ ತೀರ್ಪು ಅದು. ನಮ್ಮ ಇಪ್ಪತ್ತು ಸಲದ ಪರೀಕ್ಷೆಗಿಂತ ನನಗೆ ಇದೇ ಹೆಚ್ಚು ಒಪ್ಪಿತವಾಯಿತು.

ಆಕೆಗೆ ಬೇಕಾದದ್ದು ಇವೆರಡೂ ಅಲ್ಲ ಎಂಬುದೂ ನಮಗೆ ಆಗಲೇ ಹೊಳೆಯಿತು. ಈ ಯಂತ್ರಗಳು ಎಲ್ಲ ನಾದವನ್ನೂ ಒಂದೇ ಸಮ ಏರಿಸುತ್ತವೆ. ಮುಪ್ಪಿ‌ನಲ್ಲಿ ಕಿವಿ ಕಳೆದುಕೊಳ್ಳುವುದು ಎಲ್ಲವನ್ನೂ ಒಂದೇ ಸಮನಲ್ಲ. ಸ್ವರಗಳು ಉಳಿಯುತ್ತವೆ, ಸ, ಶ, ತ, ಕ ಮೊದಲಾದ ವ್ಯಂಜನಗಳ ಅಂಚು ಸವೆದುಹೋಗುತ್ತದೆ. ಆದುದರಿಂದಲೇ ‘ಕೇಳಸ್ತೈತಿ, ಆದ್ರ ತಿಳಿಯೂದಿಲ್ಲ’ ಎಂದು ಮುದುಕರು ಹೇಳುವುದು. ಕಿವಿಯನ್ನು ಪರೀಕ್ಷಿಸಿ, ಎಲ್ಲಿ ಎಷ್ಟು ಕೊರತೆಯಿದೆಯೋ ಅಲ್ಲಿಗೆ ಅಷ್ಟೇ ತುಂಬುವ ಚಿಕ್ಕ ಆಂಪ್ಲಿಫಾಯರೇ ಒಳ್ಳೆಯ ಕಿವಿಯ ಯಂತ್ರ. ಅದಕ್ಕೂ ಹಣ ಬೇಕು. ಆದರೆ ಆ ಹಣದಲ್ಲಿ ಪರೀಕ್ಷೆ ಮಾಡುವವರ ತಾಳ್ಮೆಗೂ, ಮತ್ತೆ ಮತ್ತೆ ಹೋಗಿ ಹೊಂದಿಸಿಕೊಳ್ಳುವುದಕ್ಕೂ ದೊಡ್ಡ ಪಾಲಿದೆ. ಬರುವ ತಿಂಗಳು ಕರೆದೊಯ್ಯುವುದೆಂದು ಅಲ್ಲಿಯೇ ಗೊತ್ತುಮಾಡಿದೆವು.

ಅಷ್ಟರಲ್ಲಿ ಅಕ್ಕ ಹೆಡ್‌ಫೋನು ತೆಗೆದು ಕರಿಯ ಪೆಟ್ಟಿಗೆಯನ್ನು ಸವರುತ್ತ, “ಎಷ್ಟ ಕೊಟ್ಟಿ ಇದಕ?” ಎಂದಳು.

ಅಳಿಯ ನನ್ನ ಮುಖ ನೋಡಿದ. ನಾವೆಲ್ಲ ಬೆಲೆಯನ್ನು ಗೆಳೆಯರ ಮುಂದೆ ಏರಿಸಿ, ತಾಯಿಯ ಮುಂದೆ ಇಳಿಸಿ ಹೇಳುವವರು. ಅವನ ಅಪ್ಪ, ನನ್ನ ಭಾವ, ಅರವತ್ತರ ದಶಕದಲ್ಲಿ ಧಾರವಾಡದ ಆಕಾಶವಾಣಿ ಕೇಳುವುದಕ್ಕೆಂದು ರೇಡಿಯೊ ತಂದಾಗ ತನ್ನ ತಾಯಿಗೆ ಹೇಳಿದ್ದು ಅರ್ಧ ಬೆಲೆ. ಆ ಮುದುಕಿ ಸಾಯುವವರೆಗೂ ಹಾಗೆಯೇ ನಂಬಿದ್ದಳು. ‘ಎರಡು ಸಾವಿರ’ ಎಂದರೆ ಇಲ್ಲಿಯೂ ಮುಗಿಯುತ್ತಿತ್ತು. ನಾನು ನೆಲ ನೋಡುತ್ತ ಕುಳಿತೆ.

“ಒಂದ ಲಕ್ಷ ನಲವತ್ತ ಸಾವಿರ, ಯವ್ವಾ,” ಎಂದ ಅಳಿಯ, ಮೆಲ್ಲಗೆ.

“ನಲವತ್ತ?” ಎಂದಳು ಅಕ್ಕ. “ಭಾಳಾತು. ಮೂವತ್ತಕ್ಕ ಕೇಳಬೇಕಿತ್ತು.”

ನನಗೆ ನಗು ತಡೆಯಲಾಗಲಿಲ್ಲ. ಇಷ್ಟಕ್ಕೇ ಬಿಟ್ಟಿದ್ದರೆ ಯಾರೂ ಅವನನ್ನು ಸುಳ್ಳುಗಾರನೆನ್ನುವಂತಿರಲಿಲ್ಲ; ಹೇಳುವುದನ್ನು ಅವನು ಹೇಳಿಯಾಗಿತ್ತು. ಆದರೆ ಹುಡುಗ ಬಿಡಲಿಲ್ಲ. ತಾಯಿಯ ಕಿವಿಯ ಹತ್ತಿರ ಬಾಗಿ, ಒಂದೊಂದು ಅಕ್ಷರವನ್ನೂ ಬಿಡಿಸಿ, ಗಂಟಲೆತ್ತಿ ಮತ್ತೊಮ್ಮೆ ಹೇಳಿದ. ಶನಿವಾರವಾದುದರಿಂದ ಓಣಿಯ ತುಂಬ ಹನುಮಪ್ಪನಿಗೆ ಹೋಗಿಬರುವ ಜನ. ಕಾಯಿ ಕರ್ಪೂರ ಹಿಡಿದವರು ಕೆಲವರು ನಮ್ಮ ಬಾಗಿಲ ಮುಂದೆ ನಿಂತು, ಏನು ಮಾರಾಟಕ್ಕಿದೆಯೆಂದು ಇಣಿಕಿ ನೋಡಿದರು.